ಅಂಗಡಿಯ ಜಾಹೀರಾತು: ಏನು ಎಲ್ಲಿಡಬೇಕು, ಏನು ಬಿಡಬೇಕು

ಬಾಗಲಕೋಟೆ ಕಡೆ ಯಾವ ಪ್ರೆಸ್‌ಗೆ ಹೋಗಿ ಕೂತರೂ ಈ ಮಾತು ಕಿವಿಗೆ ಬೀಳುತ್ತದೆ: "ಇಷ್ಟ್ ಜಾಗ ಯಾಕ್ ಖಾಲಿ ಬಿಟ್ಟೀರಿ? ಅಲ್ಲಿ ಏನರ ಹಾಕ್ರಿ." ಕೇಳುವವರದ್ದೂ ತಪ್ಪಲ್ಲ. ಪತ್ರಿಕೆಯವರು ಚದರ ಸೆಂಟಿಮೀಟರ್ ಲೆಕ್ಕದಲ್ಲಿ ದುಡ್ಡು ತಗೊಳ್ಳುತ್ತಾರೆ, ಬ್ಯಾನರ್‌ನವರು ಚದರ ಅಡಿ ಲೆಕ್ಕದಲ್ಲಿ. ದುಡ್ಡು ಕೊಟ್ಟ ಜಾಗವನ್ನು ಸುಮ್ನೆ ಬಿಡೋಕೆ ಯಾರಿಗೆ ಮನಸ್ಸು ಬರುತ್ತೆ? ಹಾಗಾಗಿ ದೇವರ ಫೋಟೊ, ಮಾಲೀಕರ ಫೋಟೊ, ಮೂರು ಫೋನ್ ನಂಬರ್, ಅಂಗಡಿಯಲ್ಲಿರುವ ಅಷ್ಟೂ ಮಾಲಿನ ಪಟ್ಟಿ, ಹಬ್ಬದ ಶುಭಾಶಯ ಎಲ್ಲವೂ ಒಂದೇ ಚೌಕದಲ್ಲಿ ಬಂದು ಕೂರುತ್ತವೆ.

ನೋಡುವವರು ಮಾತ್ರ ಅದನ್ನು ಪೂರ್ತಿ ಓದುವುದಿಲ್ಲ. ಓದುವ ಮೊದಲೇ "ಇದು ಅಗ್ಗದ ಮಾಲಿನ ಅಂಗಡಿ", "ಇಲ್ಲಿ ರೇಟು ಜಾಸ್ತಿ ಇರಬೇಕು", "ಇವರನ್ನು ನಂಬಬಹುದು" ಅಂತ ಒಂದು ತೀರ್ಮಾನಕ್ಕೆ ಬಂದಿರುತ್ತಾರೆ. ಯಾವುದು ದೊಡ್ಡದು, ಯಾವುದು ಸಣ್ಣದು, ಯಾವುದರ ಪಕ್ಕ ಯಾವುದಿದೆ, ಎಷ್ಟು ಜಾಗ ಬಿಟ್ಟಿದೆ ಎಂಬುದೇ ಆ ತೀರ್ಮಾನಕ್ಕೆ ಸಾಕಾಗುತ್ತದೆ. ಇಳಕಲ್ ಸೀರೆ, ಗುಳೇದಗುಡ್ಡ ಖಣ, ಅಮೀನಗಡದ ಕರದಂಟಿನಂಥ ಮಾಲು ಮಾರುವ ನಮ್ಮ ಜಿಲ್ಲೆಯವರಿಗೆ ಇದು ತುಂಬ ಮುಖ್ಯ. ಒಳ್ಳೆಯ ಮಾಲು ಕೆಟ್ಟ ಜೋಡಣೆಯಿಂದ ಅಗ್ಗದ ಮಾಲಿನಂತೆ ಕಾಣುವುದನ್ನು ನೋಡಿದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಪ್ರೆಸ್‌ಗೆ ಹೋಗುವ ಮೊದಲು

ಮೊದಲ ಕೆಲಸ ಮನೆಯಲ್ಲೇ ಆಗಬೇಕು. ಒಂದು ಹಾಳೆ ತಗೊಂಡು ಒಂದೇ ಸಾಲು ಬರೆಯಿರಿ: ಜಾಹೀರಾತು ನೋಡಿದವರು ನನ್ನ ಅಂಗಡಿ ಬಗ್ಗೆ ಏನಂದುಕೊಳ್ಳಬೇಕು? "ಕೈಮಗ್ಗದ ಸೀರೆ ಅಂದ್ರೆ ಇಲ್ಲೇ" ಅನ್ನಿಸಬೇಕೋ, "ಇಲ್ಲಿ ಕಡಿಮೆಗೆ ಸಿಗುತ್ತೆ" ಅನ್ನಿಸಬೇಕೋ? ಎರಡೂ ಬೇಕು ಅಂದರೆ ಎರಡೂ ಆಗುವುದಿಲ್ಲ. ಮುಂದಿನ ಎಲ್ಲ ಕೆಲಸ ಈ ಒಂದು ಸಾಲಿನ ಮೇಲೆ ನಿಂತಿದೆ. ಆತುರ ಬೇಡ.

ಆಮೇಲೆ ಜಾಹೀರಾತಿನಲ್ಲಿ ಹಾಕಬೇಕು ಅಂದುಕೊಂಡಿದ್ದನ್ನೆಲ್ಲ ಕೆಳಗೆ ಬರೆಯಿರಿ, ಏನೂ ಬಿಡಬೇಡಿ. ಅದರಲ್ಲಿ ಮೊದಲು ಕಾಣಬೇಕಾದ ಒಂದಕ್ಕೆ 1 ಎಂದು, ನಂತರ ಕಾಣಬೇಕಾದದ್ದಕ್ಕೆ 2 ಎಂದು, ಅದಾದ ಮೇಲಿನದ್ದಕ್ಕೆ 3 ಎಂದು ಹಾಕಿ. ಎರಡು ವಿಷಯಕ್ಕೆ 1 ಕೊಡುವ ಹಾಗಿಲ್ಲ. ವಿಳಾಸ ಮತ್ತು ಒಂದು ಫೋನ್ ನಂಬರ್ ಹೇಗೂ ಬೇಕೇಬೇಕು. ಉಳಿದದ್ದಕ್ಕೆ ಗೀಟು ಎಳೆಯಿರಿ. ಮನಸ್ಸಿಗೆ ಕಷ್ಟ ಆಗುತ್ತೆ, ಆದರೆ ಗೀಟು ಎಳೆದದ್ದು ವ್ಯರ್ಥವಾಗುವುದಿಲ್ಲ. ಅದನ್ನು ಅಂಗಡಿಯೊಳಗಿನ ಬೋರ್ಡಿಗೋ ವಾಟ್ಸಾಪ್ ಕ್ಯಾಟಲಾಗಿಗೋ ಹಾಕಬಹುದು.

ಕಣ್ಣು ಮೊದಲು ಎಲ್ಲಿ ಹೋಗುತ್ತದೆ

ರಿಕ್ ಪೀಟರ್ಸ್ ಮತ್ತು ಮಿಶೆಲ್ ವೆಡೆಲ್ ಎಂಬ ಇಬ್ಬರು ಸಂಶೋಧಕರು 2004ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 1,363 ಮುದ್ರಿತ ಜಾಹೀರಾತುಗಳನ್ನು 3,600ಕ್ಕೂ ಹೆಚ್ಚು ಜನ ನೋಡುವಾಗ ಅವರ ಕಣ್ಣು ಎಲ್ಲೆಲ್ಲಿ ನಿಲ್ಲುತ್ತದೆ ಎಂದು ಯಂತ್ರದಿಂದ ಅಳೆದಿದ್ದರು. ನಮಗೆ ಅದರಿಂದ ಎರಡು ಸಂಗತಿ ಉಪಯೋಗ. ಒಂದು, ಚಿತ್ರ ಸಣ್ಣದಿರಲಿ ದೊಡ್ಡದಿರಲಿ, ಕಣ್ಣನ್ನು ಎಳೆಯುವುದರಲ್ಲಿ ಅದೇ ಮುಂದು. ಎರಡು, ಅಕ್ಷರದ ವಿಷಯ ಹಾಗಲ್ಲ, ಅದಕ್ಕೆ ಕೊಟ್ಟ ಜಾಗ ಜಾಸ್ತಿಯಾದಷ್ಟೂ ಅದರ ಮೇಲೆ ಬೀಳುವ ಗಮನವೂ ಜಾಸ್ತಿಯಾಗುತ್ತದೆ.

ಅಂದರೆ ಚಿತ್ರವನ್ನು ಪುಟ ತುಂಬ ಹಿಗ್ಗಿಸಬೇಕಾಗಿಲ್ಲ. ಒಂದೇ ಒಂದು ಒಳ್ಳೆಯ ಚಿತ್ರ ಸಾಕು. ಉಳಿದ ಜಾಗವನ್ನು ಮುಖ್ಯ ಸಾಲಿಗೆ ಕೊಡಿ. ನಾವು ಮಾಡುವುದು ಇದಕ್ಕೆ ಪೂರ್ತಿ ಉಲ್ಟಾ, ಅಲ್ವಾ? ಎಂಟು ಸೀರೆಯ ಎಂಟು ಸಣ್ಣ ಫೋಟೊ, ಮಧ್ಯೆ ಇರುಕಿದ ಸಾಲು. ಎಂಟರಲ್ಲಿ ಯಾವುದನ್ನು ನೋಡಬೇಕೆಂದು ಕಣ್ಣಿಗೆ ಗೊತ್ತಾಗದೆ ಪಕ್ಕದ ಸುದ್ದಿಗೆ ಹೋಗಿಬಿಡುತ್ತದೆ.

ಕನ್ನಡ ಎಡದಿಂದ ಬಲಕ್ಕೆ ಓದುವ ಭಾಷೆ. ಹೀಗಾಗಿ ಪುಟದ ಮೇಲೆ ಕಣ್ಣು ಸಾಮಾನ್ಯವಾಗಿ ಎಡಗಡೆ ಮೇಲಿನಿಂದ ಹೊರಟು ಬಲಗಡೆ ಕೆಳಗೆ ಬಂದು ನಿಲ್ಲುತ್ತದೆ. ಒಂದನೇ ನಂಬರಿನ ವಿಷಯ ಮೇಲೆ ಎಡಕ್ಕೆ, ವಿಳಾಸ ಮತ್ತು ಫೋನ್ ಕೆಳಗೆ ಬಲಕ್ಕೆ ಇದ್ದರೆ ಓದುವವರಿಗೆ ಹುಡುಕುವ ಕೆಲಸವೇ ಇರುವುದಿಲ್ಲ.

ಖಾಲಿ ಜಾಗದ ಲೆಕ್ಕ

1959ರಲ್ಲಿ ನ್ಯೂಯಾರ್ಕಿನ ಡಾಯ್ಲ್ ಡೇನ್ ಬರ್ನ್‌ಬ್ಯಾಕ್ ಕಂಪನಿ ಫೋಕ್ಸ್‌ವ್ಯಾಗನ್ ಕಾರಿಗೆ ಒಂದು ಜಾಹೀರಾತು ಮಾಡಿತು. ಆಗ ಅಮೆರಿಕದ ಕಾರಿನ ಜಾಹೀರಾತು ಅಂದರೆ ಪುಟ ತುಂಬ ಉದ್ದನೆಯ, ಹೊಳೆಯುವ ಕಾರು. ಇವರು ಬಿಳಿ ಪುಟದ ಮೇಲೆ ಎಡಮೂಲೆಯಲ್ಲಿ ಪುಟ್ಟ ಕಾರೊಂದನ್ನು ಇಟ್ಟು, ಕೆಳಗೆ ಒಂದು ಸಾಲು ಮತ್ತು ಸ್ವಲ್ಪ ಬರಹ ಹಾಕಿದರು, ಅಷ್ಟೇ. ಸಣ್ಣ ಕಾರು ಎಂಬುದೇ ಅದರ ಹೆಮ್ಮೆ ಎಂದು ಆ ಬಿಳಿ ಜಾಗ ಹೇಳಿತು. ಜಾಹೀರಾತು ಕಲಿಯುವವರು ಇವತ್ತಿಗೂ ಅದನ್ನು ನೋಡಿಯೇ ಕಲಿಯುತ್ತಾರೆ.

ಖಾಲಿ ಜಾಗ ಇದ್ದರೆ ಜನ ಅದನ್ನು ಒಳ್ಳೆಯ ದರ್ಜೆಯ, ನಂಬಿಕಸ್ಥ ಬ್ರ್ಯಾಂಡ್ ಅಂದುಕೊಳ್ಳುತ್ತಾರೆ ಎಂದು 2006ರಲ್ಲಿ ಗ್ರಾಹಕ ಸಂಶೋಧನೆಯ ಪತ್ರಿಕೆಯೊಂದರಲ್ಲಿ ಬಂದ ಲೇಖನವೂ ತೋರಿಸಿತು. ಅದೇ ಲೇಖನದ ಇನ್ನೊಂದು ಮಾತು ನನಗೆ ಇನ್ನೂ ಮುಖ್ಯ ಅನಿಸುತ್ತದೆ. ಖಾಲಿ ಜಾಗಕ್ಕೆ ಈ ಅರ್ಥ ಹುಟ್ಟಿನಿಂದ ಬಂದದ್ದಲ್ಲ. ದೊಡ್ಡ ದೊಡ್ಡ ಕಂಪನಿಗಳು ಅದನ್ನು ವರ್ಷಗಟ್ಟಲೆ ಬಳಸಿದ್ದರಿಂದ ಜನ ನೋಡಿ ನೋಡಿ ಕಲಿತದ್ದು. ನಮ್ಮ ಜನ ಕಲಿತದ್ದೂ ಹಾಗೆಯೇ, ಚಿನ್ನದ ಅಂಗಡಿಗಳ ಮತ್ತು ದುಬಾರಿ ಮೊಬೈಲ್‌ಗಳ ಜಾಹೀರಾತು ನೋಡಿ.

ಹಾಗಾದರೆ ಎಲ್ಲರೂ ಜಾಗ ಬಿಡಬೇಕಾ? ಇಲ್ಲ. ಸಂತೆಯ ದರದಲ್ಲಿ ಪಾತ್ರೆ ಮಾರುವವರು, ವರ್ಷದ ಕೊನೆಯಲ್ಲಿ ಉಳಿದ ಬಟ್ಟೆ ಖಾಲಿ ಮಾಡುವವರು ತಣ್ಣಗಿನ ಬಿಳಿ ಜಾಹೀರಾತು ಹಾಕಿದರೆ "ಇಲ್ಲಿ ನಮಗೆ ಎಟುಕಲ್ಲ" ಅಂತ ಜನ ಒಳಗೇ ಬರುವುದಿಲ್ಲ. ಅವರಿಗೆ ಒತ್ತೊತ್ತಾಗಿ ಮಾಲು, ದಪ್ಪ ಅಕ್ಷರದ ರೇಟು, ಗಾಢ ಬಣ್ಣವೇ ಸರಿ. ತುಂಬಿದ ಜಾಹೀರಾತು "ಮಾಲು ಬಹಳ ಇದೆ, ಬೆಲೆ ಕಡಿಮೆ ಇದೆ" ಅನ್ನುತ್ತದೆ. ನಿಮ್ಮ ಹಾಳೆಯ ಮೇಲಿನ ಆ ಒಂದು ಸಾಲು ಈಗ ಕೆಲಸಕ್ಕೆ ಬಂತು ನೋಡಿ.

ಇಳಕಲ್ ಸೀರೆಯ ಒಂದು ಜಾಹೀರಾತು, ಹತ್ತಿರದಿಂದ

ಇದನ್ನು ಒಂದು ಉದಾಹರಣೆಯಲ್ಲಿ ಪೂರ್ತಿ ನೋಡೋಣ. ಕೈಮಗ್ಗದ ಇಳಕಲ್ ಸೀರೆ ಮಾರುವ ಅಂಗಡಿ, ಪತ್ರಿಕೆಯಲ್ಲಿ ಕಾಲು ಪುಟದ ಜಾಹೀರಾತು ಅಂತ ಇಟ್ಟುಕೊಳ್ಳಿ. ಸಾಮಾನ್ಯವಾಗಿ ಏನಾಗುತ್ತದೆ? ಸೀರೆ ಉಟ್ಟ ಮಾಡೆಲ್‌ನ ಫೋಟೊ ಇಂಟರ್‌ನೆಟ್‌ನಿಂದ ಬರುತ್ತದೆ. ಅದರ ಸೆರಗಿನ ಮೇಲೆಯೇ ಹಳದಿ ನಕ್ಷತ್ರ, ನಕ್ಷತ್ರದೊಳಗೆ "ಭಾರೀ ರಿಯಾಯಿತಿ". ಅಂಗಡಿ ಹೆಸರು ಕೆಂಪು ಅಕ್ಷರದಲ್ಲಿ, ಅದಕ್ಕೊಂದು ಬಿಳಿ ಅಂಚು, ಅದಕ್ಕೊಂದು ಕಪ್ಪು ನೆರಳು.

ಇದನ್ನು ನೋಡಿದ ಗೃಹಿಣಿ ಏನಂದುಕೊಳ್ಳುತ್ತಾರೆ? ಪವರ್‌ಲೂಮ್ ಸೀರೆ ಅಂತ. ಯಾಕೆಂದರೆ ಮಿಲ್ಲಿನ ಸೀರೆಗಳ ಜಾಹೀರಾತನ್ನು ಅವರು ನೋಡಿರುವುದೇ ಈ ನಕ್ಷತ್ರದ ಜೊತೆ. "ಶುದ್ಧ ಕೈಮಗ್ಗ" ಅಂತ ಎಷ್ಟು ದೊಡ್ಡದಾಗಿ ಬರೆದರೂ ಆ ನಕ್ಷತ್ರ ಅದನ್ನು ನುಂಗಿಹಾಕುತ್ತದೆ. ಅದೂ ಅಲ್ಲದೆ, ಸೀರೆಯ ಅತಿ ಬೆಲೆಬಾಳುವ ಭಾಗವಾದ ಸೆರಗನ್ನೇ ಮುಚ್ಚಿದಂತಾಯಿತು.

ಈಗ ಬೇರೆ ರೀತಿ ಜೋಡಿಸೋಣ. ಇಳಕಲ್ ಸೀರೆಯನ್ನು ಬೇರೆ ಸೀರೆಯಿಂದ ಬೇರೆ ಮಾಡುವುದು ಎರಡು. ಒಂದು ಕೆಂಪು ಸೆರಗು, ಅದರ ಮೇಲೆ ಬಿಳಿಯಲ್ಲಿ ಮೂಡುವ ತೋಪು ತೆನೆ ಎಂಬ ವಿನ್ಯಾಸ. ಇನ್ನೊಂದು, ಒಡಲಿನ ಎಳೆಗೂ ಸೆರಗಿನ ರೇಷ್ಮೆ ಎಳೆಗೂ ಕೊಂಡಿ ಹಾಕಿ ಕೂಡಿಸುವ ಕೆಲಸ. ಹಾಗಾಗಿ ಮಾಡೆಲ್ ಬೇಡ. ಸೀರೆಯನ್ನು ಬೆಳಗಿನ ಬಿಸಿಲು ಓರೆಯಾಗಿ ಬೀಳುವ ಜಾಗದಲ್ಲಿ ಹಾಸಿ. ಒಡಲು ಮುಗಿದು ಸೆರಗು ಶುರುವಾಗುವ ಕಡೆ ಹತ್ತಿರದಿಂದ ಫೋಟೊ ತೆಗೆಯಿರಿ. ಓರೆ ಬೆಳಕಿನಲ್ಲಿ ನೇಯ್ಗೆಯ ಏರಿಳಿತ ಕಾಣುತ್ತದೆ. ಕ್ಯಾಮೆರಾದ ಫ್ಲಾಶ್ ಹಾಕಿದರೆ ರೇಷ್ಮೆ ಬರೀ ಹೊಳೆದು ಪ್ಲಾಸ್ಟಿಕ್‌ನಂತೆ ಆಗುತ್ತದೆ.

ಆ ಫೋಟೊವನ್ನು ಚೌಕದ ಎಡಕ್ಕೆ ಇಡಿ. ಅಗಲದಲ್ಲಿ ಅರ್ಧಕ್ಕಿಂತ ಸ್ವಲ್ಪ ಕಡಿಮೆ ಸಾಕು. ಬಲಗಡೆ ಮೇಲಿನ ಭಾಗ ಖಾಲಿ. ಅದರ ಕೆಳಗೆ ಒಂದು ಸಾಲು: "ಒಡಲಿಗೆ ಸೆರಗು ಕೂಡಿಸುವುದು ಕೈಯಿಂದಲೇ." ಸಾಲಿನ ಅಕ್ಷರ ಸೆರಗಿನ ಕೆಂಪು ಬಣ್ಣದ್ದೇ ಇರಲಿ, ನೆರಳು, ಅಂಚು ಏನೂ ಬೇಡ. ಕೆಳಗೆ ಬಲಮೂಲೆಯಲ್ಲಿ ಅಂಗಡಿ ಹೆಸರು, ರಸ್ತೆ, ಒಂದು ನಂಬರ್. ಇಳಕಲ್ ಸೀರೆಗೆ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಿದೆ. ನೀವು ಆ ಗುರುತು ಬಳಸಲು ಅಧಿಕೃತವಾಗಿ ನೋಂದಾಯಿಸಿಕೊಂಡಿದ್ದರೆ ಅದನ್ನು ಸಣ್ಣದಾಗಿ ಅಂಗಡಿ ಹೆಸರಿನ ಪಕ್ಕ ಹಾಕಿ, ಫೋಟೊ ಮೇಲೆ ಬೇಡ.

ರಿಯಾಯಿತಿ ಹೇಳಲೇಬೇಕು ಅಂದರೆ? ವಿಳಾಸದ ಮೇಲೆ ಒಂದು ಸಾಲಿನಲ್ಲಿ, ಅದೇ ಬಣ್ಣ, ಅದೇ ಬಗೆಯ ಅಕ್ಷರದಲ್ಲಿ ಹೇಳಿ. ಬೇಕಾದವರ ಕಣ್ಣಿಗೆ ಅದು ಬಿದ್ದೇ ಬೀಳುತ್ತದೆ. ಸೀರೆಯ ಮರ್ಯಾದೆಯೂ ಉಳಿಯುತ್ತದೆ.

ಯಾವುದರ ಪಕ್ಕ ಯಾವುದು

ಹತ್ತಿರ ಇರುವ ವಸ್ತುಗಳನ್ನು ನಮ್ಮ ಮನಸ್ಸು ಒಂದೇ ಗುಂಪು ಎಂದು ಓದುತ್ತದೆ. ಮ್ಯಾಕ್ಸ್ ವರ್ಟ್‌ಹೈಮರ್ ಎಂಬ ಮನೋವಿಜ್ಞಾನಿ 1923ರಲ್ಲೇ ಇದನ್ನು ಬರೀ ಚುಕ್ಕೆ, ಗೆರೆಗಳನ್ನಿಟ್ಟು ವಿವರಿಸಿದ್ದರು. ಕರದಂಟಿನ ಜಾಹೀರಾತಿನಲ್ಲಿ ಅಂಟು, ಉತ್ತತ್ತಿ, ಗೋಡಂಬಿ, ಬೆಲ್ಲದ ಚಿತ್ರ ಡಬ್ಬಿಯ ಹತ್ತಿರ ಇದ್ದರೆ "ಇದರೊಳಗೆ ಇದಿದೆ" ಅಂತ ಯಾರೂ ಹೇಳದೆಯೇ ತಿಳಿಯುತ್ತದೆ. ಅದೇ ಡಬ್ಬಿ ಪಕ್ಕ ಬಣ್ಣ ಬಣ್ಣದ ಬೇಕರಿ ಕೇಕ್ ಇಟ್ಟರೆ ಕರದಂಟೂ ಬೇಕರಿ ಮಾಲಾಗಿಬಿಡುತ್ತದೆ. ಬೆಲೆ ಯಾವ ಡಬ್ಬಿಯದ್ದೋ ಅದಕ್ಕೆ ಅಂಟಿಕೊಂಡೇ ಇರಲಿ. ಎರಡು ಡಬ್ಬಿಯ ನಡುವೆ ನಿಂತ ಬೆಲೆಯಿಂದ ಗಲ್ಲಾಪೆಟ್ಟಿಗೆ ಮುಂದೆ ಜಗಳ ಗ್ಯಾರಂಟಿ.

ಮುಖ ಹಾಕುವುದಾದರೆ

ಮನುಷ್ಯರ ಮುಖ ಕಣ್ಣನ್ನು ಜೋರಾಗಿ ಎಳೆಯುತ್ತದೆ. ಅಷ್ಟೇ ಅಲ್ಲ, ಆ ಮುಖ ಯಾವ ಕಡೆ ನೋಡುತ್ತಿದೆಯೋ ನಾವೂ ಆ ಕಡೆ ನೋಡುತ್ತೇವೆ. ಚಿತ್ರದಲ್ಲಿರುವ ಹುಡುಗಿ ಪುಟದ ಹೊರಗೆ ನೋಡುತ್ತಿದ್ದರೆ ಓದುಗರೂ ಹೊರಗೇ ಹೋಗುತ್ತಾರೆ. ಅವಳ ನೋಟ ಮಾಲಿನ ಕಡೆಗೋ ಮುಖ್ಯ ಸಾಲಿನ ಕಡೆಗೋ ಇರಲಿ. ಡಿಸೈನರ್‌ಗೆ ಫೋಟೊವನ್ನು ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುಗಿಸಿ ಅಂದರೆ ಒಂದು ಕ್ಷಣದ ಕೆಲಸ. ಆದರೆ ಸೀರೆಯ ಸೆರಗು ಎಡಭುಜದಿಂದ ಬಲಭುಜಕ್ಕೆ ಹೋಗಿಬಿಟ್ಟಿದೆಯಾ ಅಂತ ನೋಡಿಕೊಳ್ಳಿ. ಹೆಂಗಸರು ಅದನ್ನು ತಕ್ಷಣ ಗುರುತಿಸುತ್ತಾರೆ.

ಇನ್ನು ಮಾಲೀಕರ, ಅವರ ತಂದೆಯವರ, ಹಿತೈಷಿಗಳ ಫೋಟೊ ವಿಷಯ. ಅಂಗಡಿ ಕಟ್ಟಿದ ಹಿರಿಯರ ಬಗ್ಗೆ ಇರುವ ಗೌರವ ದೊಡ್ಡದು, ಅದನ್ನು ಬಿಡಿ ಅಂತ ಹೇಳಲಾರೆ. ಆದರೆ ಸಾಲಾಗಿ ಮುಖಗಳಿದ್ದರೆ ಜನ ಅದನ್ನು ಚುನಾವಣೆ ಬ್ಯಾನರ್ ಅಂತಲೇ ಓದಿ ಮುಂದೆ ಹೋಗುತ್ತಾರೆ. ಹಿರಿಯರ ಒಂದೇ ಫೋಟೊ, ಅಂಗಡಿ ಹೆಸರಿನ ಪಕ್ಕ, ಅಂಗಡಿ ಶುರುವಾದ ಇಸವಿಯ ಜೊತೆ ಇದ್ದರೆ ಅದೇ ನಂಬಿಕೆಯ ಗುರುತಾಗುತ್ತದೆ.

ಕನ್ನಡ ಅಕ್ಷರದ ಕೆಲಸ

ಇಲ್ಲಿ ಡಿಟಿಪಿ ಮಾಡುವವರ ಪಕ್ಕ ಕೂತು ನೋಡಬೇಕು. ಕನ್ನಡಕ್ಕೆ ಕೆಳಗೆ ಒತ್ತಕ್ಷರ, ಮೇಲೆ ಗುಡಿಸು. ಇಂಗ್ಲಿಷ್‌ಗೆ ಬಿಡುವಷ್ಟೇ ಸಾಲಂತರ ಬಿಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. "ವಸ್ತ್ರ", "ಲಕ್ಷ್ಮೀ", "ರಾಷ್ಟ್ರೀಯ" ಮುಂತಾದ ಪದಗಳ ಕೆಳಗೆ ನೋಡಿ, ಅಲ್ಲೇ ಗೊತ್ತಾಗುತ್ತದೆ. ಸಾಲಂತರ ಜಾಸ್ತಿ ಮಾಡಿಸಿ, ಬೇಕಾದರೆ ಅಕ್ಷರ ಒಂದು ಪಾಯಿಂಟ್ ಕಡಿಮೆಯಾಗಲಿ.

ಇನ್ನೊಂದು ತೊಂದರೆ ಫಾಂಟಿನದು. ನೀವು ಮೊಬೈಲ್‌ನಲ್ಲಿ ಟೈಪ್ ಮಾಡಿ ಕಳಿಸುವುದು ಯುನಿಕೋಡ್, ಅಂದರೆ ಈಗ ಎಲ್ಲ ಕಡೆ ಬಳಸುವ ಅಕ್ಷರ ಸಂಕೇತ. ಎಷ್ಟೋ ಪ್ರೆಸ್‌ಗಳಲ್ಲಿ ಡಿಸೈನ್ ಮಾಡುವ ಹಳೆಯ ಕೋರಲ್ ಡ್ರಾ ಸಾಫ್ಟ್‌ವೇರ್ ಮತ್ತು ನುಡಿ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟ್ ಇರುತ್ತವೆ. ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಒತ್ತಕ್ಷರ ಬಿಚ್ಚಿಕೊಳ್ಳುತ್ತದೆ. "ಕರ್ನಾಟಕ" ಎಂಬುದನ್ನು ಅರ್ಕಾವೊತ್ತಿನ ಜಾಗದಲ್ಲಿ ಕನ್ನಡ ಅಂಕಿ ೯ ಹಾಕಿ ಬರೆದ ಬೋರ್ಡ್‌ಗಳನ್ನು ನೀವೂ ನೋಡಿರುತ್ತೀರಿ. ಇಂಥ ಒಂದು ತಪ್ಪು ಸಾಕು, "ಇವರು ಮಾಲನ್ನೂ ಹೀಗೇ ಅರೆಬರೆ ನೋಡ್ತಾರೇನೋ" ಅನ್ನಿಸಲಿಕ್ಕೆ. ಪ್ರೂಫ್ ಕಾಗದದ ಮೇಲೆಯೇ ತಗೊಳ್ಳಿ, ಒಂದೊಂದೇ ಅಕ್ಷರ ಓದಿ. ಬೇರೆ ಕಡೆ ಪ್ರಿಂಟ್ ಮಾಡಿಸುವುದಿದ್ದರೆ ಅಕ್ಷರಗಳನ್ನು ಕರ್ವ್ಸ್‌ಗೆ (ಅಂದರೆ ಬರೀ ಗೆರೆಗಳ ಚಿತ್ರಕ್ಕೆ) ಬದಲಿಸಿ ಕೊಡಲು ಹೇಳಿ, ಫಾಂಟ್ ಒಡೆಯುವುದಿಲ್ಲ.

ಒಂದು ಜಾಹೀರಾತಿಗೆ ಎರಡು ಬಗೆಯ ಅಕ್ಷರ ಸಾಕು.

ಎರಡು ಮೂರು ಭಾಷೆ ಇದ್ದಾಗ

ಬೆಳಗಾವಿಯಲ್ಲಿ ಅಂಗಡಿ ಇಟ್ಟವರಿಗೆ ಇದು ದಿನನಿತ್ಯದ ಪ್ರಶ್ನೆ. ಗಿರಾಕಿಗಳು ಕನ್ನಡ, ಮರಾಠಿ, ಇಂಗ್ಲಿಷ್ ಮೂರನ್ನೂ ಓದುವವರು. ಮೂರೂ ಭಾಷೆಯನ್ನು ಒಂದೇ ಅಳತೆಯಲ್ಲಿ ಮೂರು ಸಲ ಬರೆದರೆ ಯಾರಿಗೂ ಹೇಳಿದಂತಾಗುವುದಿಲ್ಲ. ಅಂಗಡಿಯ ನಾಮಫಲಕಕ್ಕಂತೂ ಕಾನೂನೇ ಇದೆ: ರಾಜ್ಯದ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಯ 2024ರ ತಿದ್ದುಪಡಿಯ ಪ್ರಕಾರ ಫಲಕದ ಶೇ. 60ರಷ್ಟು ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. ಕರಪತ್ರ, ಪೋಸ್ಟರ್‌ಗೂ ಇದೇ ಜೋಡಣೆ ಚೆನ್ನಾಗಿ ಒಪ್ಪುತ್ತದೆ. ಮುಖ್ಯ ಸಾಲು ಕನ್ನಡದಲ್ಲಿ ದೊಡ್ಡದಾಗಿ, ಉಳಿದ ಭಾಷೆಯಲ್ಲಿ ಮಾಲಿನ ಹೆಸರು ಮತ್ತು ವಿಳಾಸ ಮಾತ್ರ ಕೆಳಗೆ. ಮಾಲಿನ ಚಿತ್ರಕ್ಕೆ ಅನುವಾದ ಬೇಕಾಗಿಲ್ಲ, ಮೂರು ಭಾಷೆಯವರಿಗೂ ಅದು ಒಂದೇ.

ಬಣ್ಣದ ಬಗ್ಗೆಯೂ ಗಮನ ಇರಲಿ. ನಮ್ಮಲ್ಲಿ ಹಳದಿ-ಕೆಂಪು ಜೊತೆಯಾಗಿ ಬಂದರೆ ಕನ್ನಡ ಬಾವುಟ ನೆನಪಾಗುತ್ತದೆ. ರಾಜ್ಯೋತ್ಸವದ ಜಾಹೀರಾತಿಗೆ ಅದಕ್ಕಿಂತ ಚೆಂದದ್ದಿಲ್ಲ. ವರ್ಷವಿಡೀ ಬಳಸಿದರೆ ಮಾತ್ರ ಅಂಗಡಿಯ ಸ್ವಂತ ಬಣ್ಣ ಯಾವುದೆಂದು ಜನಕ್ಕೆ ತಿಳಿಯುವುದಿಲ್ಲ.

ರಸ್ತೆ ಬದಿ ಬೋರ್ಡ್

ಪತ್ರಿಕೆಯ ಜಾಹೀರಾತನ್ನೇ ಹಿಗ್ಗಿಸಿ ರಸ್ತೆಗೆ ಹಾಕಬೇಡಿ. ವಿಜಯಪುರದಿಂದ ಇಳಕಲ್ ಕಡೆ ಬರುವ ಹೆದ್ದಾರಿಯಲ್ಲಿ ಗಂಟೆಗೆ 80 ಕಿ.ಮೀ. ವೇಗದ ಕಾರು ಒಂದು ಸೆಕೆಂಡಿಗೆ ಸುಮಾರು 22 ಮೀಟರ್ ಹೋಗುತ್ತದೆ. ಡ್ರೈವರ್‌ಗೆ ನಿಮ್ಮ ಬೋರ್ಡ್ ಸಿಗುವುದು ನಾಲ್ಕೈದು ಸೆಕೆಂಡ್ ಇದ್ದರೆ ಹೆಚ್ಚು. ಆರಾಮಾಗಿ ಓದಬೇಕಾದರೆ 10 ಅಡಿ ದೂರಕ್ಕೆ 1 ಇಂಚು ಎತ್ತರದ ಅಕ್ಷರ ಬೇಕು ಎಂಬುದು ಬೋರ್ಡ್ ಮಾಡುವವರ ಲೆಕ್ಕ. 300 ಅಡಿ ದೂರದಿಂದ ಓದಬೇಕೆಂದರೆ ಎರಡೂವರೆ ಅಡಿಯ ಅಕ್ಷರ! ಅಂಥ ಅಕ್ಷರದಲ್ಲಿ ನಾಲ್ಕೈದು ಪದ ಹಿಡಿಸಿದರೆ ಪುಣ್ಯ. ಮಾಲಿನ ಹೆಸರು, ಅಂಗಡಿ ಹೆಸರು, "2 ಕಿ.ಮೀ. ಎಡಕ್ಕೆ" ಎಂಬುದು ಸಾಕು. ಫೋನ್ ನಂಬರ್ ಬೇಡವೇ ಬೇಡ.

ಹಾಕುವ ಮೊದಲು ನಗರಸಭೆ ಅಥವಾ ಪಾಲಿಕೆಯ ಅನುಮತಿ ತಗೊಳ್ಳಿ. ಪ್ಲಾಸ್ಟಿಕ್ ಫ್ಲೆಕ್ಸ್‌ಗೆ ರಾಜ್ಯದಲ್ಲಿ 2016ರಿಂದ ನಿಷೇಧ ಇದೆ. ಬಟ್ಟೆಯ ಮೇಲೆ ಮಾಡಿಸಿ. ಬಟ್ಟೆಯಲ್ಲಿ ಸಣ್ಣ ಅಕ್ಷರ ಹರಡಿಕೊಳ್ಳುತ್ತದೆ, ದಪ್ಪ ಅಕ್ಷರವೇ ಇರಲಿ.

ಕೆಳಗಿನ ಸಣ್ಣ ಅಕ್ಷರ

"ಷರತ್ತುಗಳು ಅನ್ವಯ" ಅಂತ ಇರುವೆ ಗಾತ್ರದಲ್ಲಿ ಬರೆಯುವುದು ಅಭ್ಯಾಸವಾಗಿಬಿಟ್ಟಿದೆ. ಇದು ಗಿರಾಕಿಗೆ ಮಾಡುವ ಅನ್ಯಾಯ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ 2022ರ ಮಾರ್ಗಸೂಚಿ ಪ್ರಕಾರ ಜಾಹೀರಾತಿನ ಮಾತು ಯಾವ ಭಾಷೆಯಲ್ಲಿದೆಯೋ ಷರತ್ತೂ ಅದೇ ಭಾಷೆಯಲ್ಲಿ, ಅದೇ ಫಾಂಟ್‌ನಲ್ಲಿ, ಎದ್ದು ಕಾಣುವ ಜಾಗದಲ್ಲಿ ಇರಬೇಕು. ದಾರಿ ತಪ್ಪಿಸುವ ಜಾಹೀರಾತಿಗೆ ಮೊದಲ ಸಲ 10 ಲಕ್ಷ ರೂ.ವರೆಗೆ, ಮತ್ತೆ ಮಾಡಿದರೆ 50 ಲಕ್ಷ ರೂ.ವರೆಗೆ ದಂಡ ಹಾಕಲು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅವಕಾಶ ಇದೆ. ರಿಯಾಯಿತಿ 3,000 ರೂ. ಮೇಲಿನ ಖರೀದಿಗೆ ಮಾತ್ರ ಅಂದರೆ ಅದನ್ನು ರಿಯಾಯಿತಿಯ ಸಾಲಿನ ಪಕ್ಕದಲ್ಲೇ ಬರೆಯಿರಿ.

ಪ್ರಿಂಟ್‌ಗೆ ಕೊಡುವ ಮೊದಲು ನೋಡಬೇಕಾದದ್ದು

ಪ್ರೂಫನ್ನು ಗೋಡೆಗೆ ಅಂಟಿಸಿ ಹಿಂದೆ ಸರಿದು ಕಣ್ಣು ಅರ್ಧ ಮುಚ್ಚಿ ನೋಡಿ. ಆಗಲೂ ಎದ್ದು ಕಾಣುವುದು ನೀವು 1 ಎಂದು ಬರೆದದ್ದೇ ಆಗಿರಬೇಕು. ನಕ್ಷತ್ರವೋ ಅಂಚಿನ ಹೂಬಳ್ಳಿಯೋ ಕಂಡರೆ ಅದನ್ನು ತೆಗೆಸಿ.

ಆಮೇಲೆ ನಿಮ್ಮ ಅಂಗಡಿ ಗೊತ್ತಿಲ್ಲದ ಯಾರಿಗಾದರೂ ಐದು ಸೆಕೆಂಡ್ ತೋರಿಸಿ ಮಡಚಿಡಿ. "ಚೆಂದ ಐತಿಲ್ರಿ?" ಅಂತ ಕೇಳಬೇಡಿ, ಎಲ್ಲರೂ ಹೂಂ ಅಂತಾರೆ. "ಇಲ್ಲಿ ಏನ್ ಸಿಗ್ತೈತಿ? ರೇಟ್ ಹೆಂಗಿರಬೋದು?" ಅಂತ ಕೇಳಿ. ಎರಡನೇ ಪ್ರಶ್ನೆಯ ಉತ್ತರದಲ್ಲೇ ನಿಮ್ಮ ಬ್ರ್ಯಾಂಡ್ ಬಗ್ಗೆ ಜೋಡಣೆ ಏನು ಹೇಳುತ್ತಿದೆ ಎಂಬುದು ಹೊರಗೆ ಬರುತ್ತದೆ. ನಿಮ್ಮ ಹಾಳೆಯ ಸಾಲಿಗೂ ಅವರ ಉತ್ತರಕ್ಕೂ ತಾಳೆ ಆಗದಿದ್ದರೆ ಪ್ರೂಫ್ ವಾಪಸ್ ಕಳಿಸಿ.

ವಾಟ್ಸಾಪ್‌ಗೆ ಹಾಕುವುದಿದ್ದರೆ ಮೊಬೈಲ್‌ನಲ್ಲಿ ತೆರೆಯದೆಯೇ ಸಣ್ಣ ಚೌಕದಲ್ಲಿ ಅಂಗಡಿ ಹೆಸರು ಓದಲು ಬರುತ್ತದಾ ನೋಡಿ. ಪ್ರೆಸ್‌ಗೆ ಫೋಟೊ ಕಳಿಸುವಾಗ ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿ. ಫೋಟೊ ಆಗಿ ಕಳಿಸಿದರೆ ಅದು ಕುಗ್ಗಿ, ಪ್ರಿಂಟ್‌ನಲ್ಲಿ ಮಸುಕಾಗುತ್ತದೆ.

ಮುಂದಿನ ಸಲವೂ ಅದೇ

ಅಮುಲ್ ಬೆಣ್ಣೆಯ ಹುಡುಗಿ 1966ರಿಂದ ಇದ್ದಾಳೆ. ಸುದ್ದಿ ಬದಲಾಗುತ್ತದೆ, ಸಾಲು ಬದಲಾಗುತ್ತದೆ, ಆದರೆ ಆ ಚಿತ್ರದ ಶೈಲಿ, ಚುಕ್ಕೆಯ ಫ್ರಾಕ್ ಹಾಗೇ ಇವೆ. ಹೆಸರು ಓದುವ ಮೊದಲೇ ಯಾರದೆಂದು ಗೊತ್ತಾಗುತ್ತದೆ. ನಮ್ಮಲ್ಲಿ ಯುಗಾದಿಗೆ ಒಂದು ಡಿಸೈನ್, ದೀಪಾವಳಿಗೆ ಇನ್ನೊಂದು, ಪ್ರೆಸ್ ಬದಲಾದರೆ ಮತ್ತೊಂದು. ಹೀಗೆ ಮಾಡಿದರೆ ಪ್ರತಿ ಸಲವೂ ಹೊಸ ಅಂಗಡಿ ತೆರೆದ ಲೆಕ್ಕ.

ಒಮ್ಮೆ ಜೋಡಣೆ ಸರಿಹೋಯಿತು ಅಂದ ಮೇಲೆ ಡಿಸೈನರ್ ಹತ್ತಿರ ಮೂಲ ಫೈಲ್ ಕೇಳಿ ತಗೊಳ್ಳಿ, ಅದಕ್ಕೆ ಬೇರೆ ದುಡ್ಡು ಕೇಳಿದರೂ ಕೊಡಿ. ಬಣ್ಣದ ಕೋಡ್ ಅಂಕಿಗಳು, ಫಾಂಟಿನ ಹೆಸರು, ಚಿತ್ರ ಎಡಕ್ಕೋ ಬಲಕ್ಕೋ, ಹೆಸರು ಎಲ್ಲಿ ಎಂಬುದನ್ನು ಒಂದು ಪುಟದಲ್ಲಿ ಬರೆಸಿ ಅಂಗಡಿಯ ಫೈಲಿನಲ್ಲಿ ಇಟ್ಟುಕೊಳ್ಳಿ. ಕ್ಯಾರಿ ಬ್ಯಾಗ್, ಬಿಲ್ ಪುಸ್ತಕ, ಡಬ್ಬಿಯ ಮೇಲಿನ ಲೇಬಲ್ ಮಾಡಿಸುವಾಗಲೂ ಅದೇ ಪುಟದ ಜೆರಾಕ್ಸ್ ಕೊಡಿ. ಹಬ್ಬಕ್ಕೆ ಚಿತ್ರ ಮತ್ತು ಸಾಲು ಮಾತ್ರ ಬದಲಾಗಲಿ.